ಅಜ್ಜಿಗೆ ಅರವತ್ತು ಬಾಯಿ

ಮೊದಲು ನಡೆದದ್ದು ಹಲ್ಲು. ಬೀದಿಯ ಕೊನೆಯ ದರ್ಜಿಯೊಬ್ಬರಿಗೆಂದು ಮಾಡಿಟ್ಟಿದ್ದ ಮೇಲ್ಸಾಲಿನ ಹಲ್ಲಿನ ಸೆಟ್ಟು ಕೆಲಸದ ಬೆಂಚಿನ ಮೇಲೆ ತನ್ನಷ್ಟಕ್ಕೆ ತಾನೇ ಕುಂಟುತ್ತ ಹೊರಟಿತು. ಮೇಣ ಕೊರೆಯುವ ಚಾಕುವನ್ನು ಸುತ್ತಿಕೊಂಡು ಹೋಗಿ, ನೀರಿನ ಲೋಟದ ಅಂಚು ಹತ್ತಿ, ಒಮ್ಮೆ ಹಿಂದಕ್ಕೆ ತಿರುಗಿ ನೋಡಿ, ಡುಬಕ್ಕನೆ ಒಳಗೆ ಹಾರಿತು. ಎಲ್ಲ ಸೇರಿ ನಾಲ್ಕು ಸೆಕೆಂಡು. ಹಲ್ಲು ಕಟ್ಟುವವರ ಮಗಳು ಗುಬ್ಬಿ ಅದನ್ನು ಚೂರುಚೂರೇ ಸರಿಸುತ್ತ ಮೊಬೈಲಿನಲ್ಲಿ ನಲವತ್ತೆಂಟು ಚಿತ್ರ ತೆಗೆದು, ಒಂದರ ಹಿಂದೊಂದು ಓಡಿಸಿ, ಊಟದ ಹೊತ್ತಿನಲ್ಲಿ ಮನೆಯವರಿಗೆ ತೋರಿಸಿದಳು.

"ಇನ್ನೊಂದ್ಸಲ ಓಡ್ಸು," ಎಂದಳು ಅಜ್ಜಿ.

ಓಡಿಸಿದಳು.

"ಇನ್ನೊಂದ್ಸಲ."

ಬೇಯಿಸಿದ ಆಲೂಗಡ್ಡೆ ತಟ್ಟೆಯಲ್ಲೇ ಆರಿತು. "ಎಂಬತ್ತೊಂದು ವರ್ಷ ಬದುಕಿದೀನಿ, ಹಲ್ಲು ತಿರುಗಿ ನೋಡಿದ್ದು ಇವತ್ತೇ ಕಂಡಿದ್ದು ಕಣೇ. ಹಾರೋಕೆ ಮುಂಚೆ ಅದಕ್ಕೆ ಹೆದರಿಕೆ ಆಯ್ತು, ನೋಡಿದ್ಯಾ?"

ಗುಬ್ಬಿಗೂ ಅದೇ ಬೆರಗು. ಹಲ್ಲಿಗೆ ಕಣ್ಣಿಲ್ಲ, ಮುಖವಿಲ್ಲ. ಅವಳು ಮಾಡಿದ್ದು ಇಷ್ಟೇ: ಲೋಟದ ಅಂಚಿನಲ್ಲಿ ಅದನ್ನು ಒಂದು ಕೂದಲೆಳೆಯಷ್ಟು ಹಿಂದಕ್ಕೆ ತಿರುಗಿಸಿ ಎರಡು ಚಿತ್ರ ಹೆಚ್ಚಿಗೆ ತೆಗೆದಿದ್ದಳು. ಆ ಎರಡು ಚಿತ್ರದೊಳಗೆ ಭಯ ಎಲ್ಲಿಂದ ಬಂದು ಕೂತಿತು? ಮೂರು ದಿನದಿಂದ ಅವಳಿಗೆ ಅದೇ ಗುಂಗು.

"ಗಿರಾಕಿ ಹಲ್ಲಿನ ಜೊತೆ ಆಟ ಆಡ್ತೀಯಾ?" ಎಂದರು ಅಪ್ಪ.

"ತೊಳೆದಿಟ್ಟಿದೀನಿ ಅಪ್ಪ."

"ಆ ದರ್ಜಿಗೆ ಗೊತ್ತಾದ್ರೆ ಇನ್ನು ಬಾಯಿ ಮುಚ್ಕೊಂಡೇ ಓಡಾಡ್ತಾನೆ," ಎಂದು ಅಮ್ಮ ನಕ್ಕರು. ಅಪ್ಪ ನಗಲಿಲ್ಲ.

ಆ ಮನೆಯ ಮುಂಗೋಣೆಯೇ ಕಾರ್ಖಾನೆ. ದಂತವೈದ್ಯರು ಕಳಿಸಿದ ಅಳತೆಗೆ ಹಲ್ಲು ಕಟ್ಟಿಕೊಡುವುದು ಅಪ್ಪನ ಕಸುಬು. ಮೂವತ್ತು ವರ್ಷದಿಂದ ಆ ಬಡಾವಣೆಯ ಅರ್ಧ ಜನ ಅಗಿಯುವುದು ಅವರ ಹಲ್ಲಿನಲ್ಲೇ ಆದ್ದರಿಂದ ಅವರಿಗೆ ಹಲ್ಲಿನ ಮೇಷ್ಟ್ರು ಎಂದೇ ಹೆಸರು. ಅಮ್ಮ ಬಸ್ ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿ ಕೂರುವವರು. ಮನೆಯಲ್ಲೂ ಮಾತು ಕೊಡುವುದು ಟಿಕೆಟ್ ಹರಿದುಕೊಟ್ಟ ಹಾಗೆ, ಚುಟುಕು. ಗುಬ್ಬಿಗೆ ಇಪ್ಪತ್ತಮೂರು. ಚಿಕ್ಕಂದಿನಲ್ಲಿ ಕಡ್ಡಿ, ದಾರ, ಬಟ್ಟೆಚೂರು ಏನು ಸಿಕ್ಕರೂ ಆರಿಸಿಕೊಂಡು ಓಡುತ್ತಿದ್ದುದಕ್ಕೆ ಬಿದ್ದ ಹೆಸರು ಹಾಗೇ ಉಳಿದಿತ್ತು. ನಾಲ್ಕು ವರ್ಷದಿಂದ ಅಪ್ಪನ ಪಕ್ಕದ ಸ್ಟೂಲಿನಲ್ಲಿ ಕೂತು ಮೇಣದ ಒಸಡಿಗೆ ಹಲ್ಲು ಜೋಡಿಸುತ್ತಿದ್ದಳು. ಈ ಆರು ತಿಂಗಳಿಂದ ಮುಂದಿನ ಹಲ್ಲುಗಳ ನಾಜೂಕು ಕೆಲಸವನ್ನೆಲ್ಲ ಅಪ್ಪ ಅವಳಿಗೇ ಬಿಟ್ಟಿದ್ದರು. "ನಿನ್ನ ಕೈ ಚೆನ್ನಾಗಿ ಕೂತಿದೆ" ಎಂದಷ್ಟೇ ಹೇಳಿದ್ದರು.

ಇನ್ನು ಅಜ್ಜಿ, ಅಪ್ಪನ ಅಮ್ಮ. ಹಲ್ಲು ಕಟ್ಟುವವನ ತಾಯಿಯ ಬಾಯಲ್ಲಿ ಒಂದೂ ಹಲ್ಲಿಲ್ಲ. ಹನ್ನೊಂದು ವರ್ಷದ ಹಿಂದೆ ಮಗ ಮಾಡಿಕೊಟ್ಟ ಸೆಟ್ಟು ಕಪಾಟಿನ ಮೇಲೆ ಗಾಜಿನ ಜಾಡಿಯಲ್ಲಿ ಕೂತು ಮನೆಯವರನ್ನೆಲ್ಲ ನೋಡಿ ನಗುತ್ತದೆ. "ಒತ್ತುತ್ತೆ" ಎಂಬುದು ಅಜ್ಜಿಯ ದೂರು. ಎಲ್ಲಿ ಒತ್ತುತ್ತದೆ ಎಂದು ಮಗ ಎಷ್ಟು ಸಲ ಕೇಳಿದರೂ ಜಾಗ ತೋರಿಸಿರಲಿಲ್ಲ.

ಗುಬ್ಬಿ ಆ ದಿನವೇ ವಿಷಯ ಎತ್ತಿದಳು.

"ಬೊಂಬೆ ಸಿನಿಮಾ ಮಾಡೋ ಸ್ಟುಡಿಯೋ ಒಂದಿದೆ ಅಪ್ಪ. ವರ್ಷಕ್ಕೆ ಆರೇ ಜನರನ್ನ ತಗೊಂಡು ಕಲಿಸ್ತಾರೆ, ಸಂಬಳಾನೂ ಕೊಡ್ತಾರೆ. ಎರಡು ನಿಮಿಷದ ಸಿನಿಮಾ ಒಂದು ಮಾಡಿ ಕಳಿಸ್ಬೇಕು. ಇನ್ನು ಆರು ವಾರ ಇದೆ."

"ಬೊಂಬೆ ಆಡೋ ವಯಸ್ಸಾ ನಿಂದು?"

"ಬೊಂಬೆ ಆಡೋದಲ್ಲ, ಆಡ್ಸೋದು."

ಅಮ್ಮ ಅಪ್ಪನ ಮುಂದೆ ಸೂಪಿನ ಬಟ್ಟಲು ಇಟ್ಟರು. ಅಪ್ಪ ಅದನ್ನು ಪಕ್ಕಕ್ಕೆ ಸರಿಸಿ ಬ್ರೆಡ್ಡು ಕೈಗೆತ್ತಿಕೊಂಡರು. "ಆರು ವಾರ ತಗೋ. ಬೆಳಿಗ್ಗೆ ಬೆಂಚಿಗೆ, ಮಧ್ಯಾಹ್ನದಿಂದ ನಿನ್ನ ಬೊಂಬೆಗೆ. ಅವರು ಬೇಡ ಅಂದ್ರೆ ಮತ್ತೆ ಈ ಮಾತು ಎತ್ತೋ ಹಾಗಿಲ್ಲ. ಬೆಂಚು ಪೂರ್ತಿ ನಿಂದೇ. ಒಪ್ಪಿಗೇನಾ?"

"ಒಪ್ಪಿಗೆ."

"ಸೂಪು ಯಾಕೆ ಬಿಟ್ರಿ?" ಅಮ್ಮ ಕೇಳಿದರು.

"ಬೇಡ ಅಂದ್ರೆ ಬೇಡ."

ಹೀಗೆ ಊಟದ ಮೇಜು ಗುಬ್ಬಿಯ ಪಾಲಾಯಿತು. ಅದರ ಮೇಲೆ ರಟ್ಟಿನ ಗೋಡೆ, ಬೆಂಕಿಪೊಟ್ಟಣದ ಕಪಾಟು, ಗುಂಡಿಯ ತಟ್ಟೆಗಳು ಇರುವ ಒಂದು ಪುಟ್ಟ ಅಡುಗೆಮನೆ ಎದ್ದಿತು. ನಡುವೆ ಗೇಣುದ್ದದ ಅಜ್ಜಿ: ತಂತಿಯ ಎಲುಬು, ಅಜ್ಜಿಯದೇ ಹಳೇ ಬಟ್ಟೆಯ ಉಡುಪು, ಮೇಣದ ಮುಖ. ಒಂದು ಸೆಕೆಂಡಿಗೆ ಹನ್ನೆರಡು ಚಿತ್ರ, ಎರಡು ನಿಮಿಷಕ್ಕೆ ಸಾವಿರದ ನಾನೂರ ನಲವತ್ತು. ಒಂದೊಂದು ಚಿತ್ರಕ್ಕೂ ಬೊಂಬೆಯನ್ನು ಅಕ್ಕಿಕಾಳಿನಷ್ಟು ಕದಲಿಸಬೇಕು. ನಡುವೆ ಯಾರಾದರೂ ಮೇಜಿಗೆ ಸೊಂಟ ತಾಗಿಸಿದರೆ ಅಲ್ಲಿಯವರೆಗಿನ ಅರ್ಧ ದಿನದ ಕೆಲಸ ನೀರಿನಲ್ಲಿ ಹೋಮ.

"ಊಟ ಎಲ್ಲಿ ಮಾಡೋದು?" ಎಂದರು ಅಮ್ಮ.

"ಬೆಂಚಿನ ಮೇಲೆ."

"ಪರರ ಹಲ್ಲಿನ ಮಧ್ಯೆ ಕೂತು ನಾನು ತಿನ್ನೋದಾ?"

"ಮಧ್ಯೆ ಬೇಡ, ಪಕ್ಕದಲ್ಲಿ ಕೂತ್ಕೋ," ಎಂದಳು ಅಜ್ಜಿ. "ನೀನು ಬಡಿಸಿದ್ದನ್ನ ಅವೂ ನೋಡ್ಲಿ. ಹಲ್ಲಿದ್ದೋರಿಗೆ ಕಡಲೆ ಇಲ್ಲ ಅಂತಾರಲ್ಲ, ಪಾಪ."

ಎರಡು ವಾರ ಹೀಗೇ ಪ್ಲಾಸ್ಟರಿನ ಪುಡಿ ಒರೆಸಿ ಒರೆಸಿ ಉಂಡರು. ಅಮ್ಮ ದಿನಾ ಗೊಣಗಿದರು, ಆದರೂ ಕೌಂಟರಿನಿಂದ ಬಂದವರೇ ಕೈತೊಳೆಯುವ ಮುಂಚೆ ಮೇಜಿನ ಕಡೆ ಬಗ್ಗಿ "ಇವತ್ತು ಎಷ್ಟಾಯ್ತು?" ಎಂದು ಕೇಳುವುದನ್ನೂ ಬಿಡಲಿಲ್ಲ. "ನಾಲ್ಕೇ ಸೆಕೆಂಡು" ಎಂದರೆ "ದಿನಕ್ಕೆ ಇಷ್ಟೇನಾ? ನಮ್ಮ ಬಸ್ಸುಗಳೇ ವಾಸಿ" ಎನ್ನುವರು. ಬೊಂಬೆ ಮೊದಲ ಸಲ ಕಣ್ಣು ಮಿಟುಕಿಸಿದ ದಿನ ಮಾತ್ರ ಅವರು ಬ್ಯಾಗು ಹೆಗಲಲ್ಲೇ ಇಟ್ಟುಕೊಂಡು ಬಹಳ ಹೊತ್ತು ನಿಂತರು. "ನನ್ನನ್ನೇ ನೋಡ್ತಲ್ಲೇ ಅದು," ಎಂದು ಮೆಲ್ಲಗೆ ಹೇಳಿ ಒಳಗೆ ಹೋದರು.

ಕಥೆ ಅಜ್ಜಿಯದು, ದನಿಯೂ ಅಜ್ಜಿಯದೇ. ಒಂದು ಮಧ್ಯಾಹ್ನ ಊಟ ಮಾಡುತ್ತ ಅಜ್ಜಿ ತಾನಾಗಿ ಹೇಳಿದ್ದನ್ನು ಗುಬ್ಬಿ ಮೊಬೈಲಿನಲ್ಲಿ ಹಿಡಿದಿಟ್ಟಿದ್ದಳು:

"ನನಗೆ ಏಳು ವರ್ಷ. ನಮ್ಮಪ್ಪ ಎಲ್ರನ್ನೂ ಫೋಟೋ ತೆಗೆಸೋಕೆ ಕರ್ಕೊಂಡು ಹೋದ. ಫೋಟೋದವ್ನು ಹೇಳ್ದ, ಯಾರೂ ಅಲುಗಾಡಬಾರ್ದು, ಉಸಿರೂ ಬಿಡಬಾರ್ದು ಅಂತ. ಎಲ್ರೂ ಕಲ್ಲಾದ್ರು. ನಮ್ಮಪ್ಪನ ಮೂಗಿನ ಮೇಲೆ ನೊಣ ಕೂತಿತ್ತು, ಅವನು ಅದನ್ನೂ ಓಡಿಸ್ಲಿಲ್ಲ. ನನಗೆ ನಗು ತಡೆಯೋಕಾಗ್ಲಿಲ್ಲ. ಫೋಟೋ ಬಂತು. ಅಪ್ಪ ಇದಾನೆ, ಅಮ್ಮ ಇದಾಳೆ, ಅಣ್ಣಂದಿರು ಇದಾರೆ, ಆ ನೊಣಾನೂ ಇದೆ. ನನ್ನ ಜಾಗದಲ್ಲಿ ಬರೀ ಹೊಗೆ. ಅಪ್ಪ ಬೈದ, ದುಡ್ಡು ದಂಡ ಮಾಡಿದೆ ಅಂತ. ಈಗ ನೋಡು, ನೆಟ್ಟಗೆ ನಿಂತೋರು ಯಾರೂ ಇಲ್ಲ. ಆ ಹೊಗೆ ಮಾತ್ರ ಇನ್ನೂ ಇದೆ, ನಿನ್ನ ಮುಂದೆ ಕೂತು ಆಲೂಗಡ್ಡೆ ತಿಂತಾ ಇದೆ."

ಫೋಟೋ ಮನೆಯಲ್ಲೇ ಇತ್ತು. ಗುಬ್ಬಿ ಅದನ್ನು ನೂರು ಸಲ ನೋಡಿದ್ದಳು. ಆ ಹೊಗೆ ಅಜ್ಜಿಯ ನಗು ಎಂಬುದು ಆವತ್ತೇ ತಿಳಿದದ್ದು. ಅವಳಿಗೆ ಮೈ ಜುಮ್ಮೆಂದಿತು. ಮಾಡಿದರೆ ಇದನ್ನೇ ಮಾಡಬೇಕು ಎಂದು ಅನ್ನ ಕಲಸಿದ ಕೈಯಲ್ಲೇ ನಿಶ್ಚಯಿಸಿದಳು.

ತೊಂದರೆ ಬಂದದ್ದು ಬಾಯಿಂದ. ಬೊಂಬೆ ಮಾತಾಡಬೇಕಾದರೆ ಮುಖದ ಕೆಳಗಿನ ಭಾಗವನ್ನು ಚಿತ್ರಚಿತ್ರಕ್ಕೂ ಬದಲಿಸಬೇಕು: ಮುಚ್ಚಿದ ಬಾಯಿ, ತೆರೆದ ಬಾಯಿ, ಗುಂಡಗಿನ ಬಾಯಿ. ಗುಬ್ಬಿ ಹನ್ನೆರಡು ಬಾಯಿ ಮಾಡಿದಳು. ಎಡಕ್ಕೂ ಬಲಕ್ಕೂ ವ್ಯತ್ಯಾಸವಿಲ್ಲದೆ ಬೆಂಚಿನಲ್ಲಿ ಕಲಿತ ಹಾಗೆಯೇ ಮಾಡಿದಳು. ಸಂಭ್ರಮದಿಂದ ಅಜ್ಜಿಗೆ ತೋರಿಸಿದಳು.

ಅಜ್ಜಿ ಕನ್ನಡಕ ಹಾಕಿಕೊಂಡು ನೋಡಿ, "ಇವಳ್ಯಾರು?" ಎಂದಳು.

"ನೀನೇ ಅಜ್ಜಿ."

"ಇವಳ ಬಾಯಲ್ಲಿ ಹಲ್ಲಿದೆಯಲ್ಲೇ."

ಗುಬ್ಬಿ ಬಗ್ಗಿ ನೋಡಿದಳು. ಹೌದು. ಮೇಲೆ ಆರು, ಕೆಳಗೆ ಆರು, ಅಕ್ಕಿನುಚ್ಚಿನಷ್ಟು ಗಾತ್ರದವು, ಒಂದೇ ಸಾಲಿನಲ್ಲಿ. ನಾಲ್ಕು ವರ್ಷದಿಂದ ಬಾಯಿ ಎಂದರೆ ಹಲ್ಲು ಎಂದೇ ಗೊತ್ತಿದ್ದ ಕೈ, ಹೇಳದೆ ಕೇಳದೆ ಜೋಡಿಸಿಬಿಟ್ಟಿತ್ತು. ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಅಪ್ಪನ ತುಟಿಯಲ್ಲೂ ಒಂದು ಕ್ಷಣ ನಗು ಮೂಡಿತು.

"ಅಗಸನ ಕತ್ತೆಗೆ ಎಲ್ಲೆಲ್ಲೂ ಬಟ್ಟೆಗಂಟೇ ಕಾಣೋದು," ಎಂದಳು ಅಜ್ಜಿ.

ಮೂರನೆಯ ವಾರವೆಲ್ಲ ಗುಬ್ಬಿ ಊಟಕ್ಕೆ ಅಜ್ಜಿಯ ಎದುರು ಕೂತು ಬಾಯನ್ನೇ ನೋಡಿದಳು. ಬಾಳೆಹಣ್ಣಿನ ತುಂಡನ್ನು ನಾಲಿಗೆ ಹೇಗೆ ಮೇಲಕ್ಕೆ ಒತ್ತುತ್ತದೆ, ತುಟಿ ಹೇಗೆ ಒಳಗೆ ಹೋಗಿ ಹೊರಗೆ ಬರುತ್ತದೆ, ಗಲ್ಲ ಮೂಗಿಗೆ ಎಷ್ಟು ಹತ್ತಿರ ಬರುತ್ತದೆ. "ಹೀಗೆ ನೋಡ್ತಾ ಇದ್ರೆ ನನಗೆ ಗಂಟಲಲ್ಲಿ ಇಳಿಯುತ್ತೇನೇ?" ಎಂದು ಅಜ್ಜಿ ಬೈದಳು. ಹಲ್ಲಿಲ್ಲದ ಹನ್ನೆರಡು ಬಾಯಿ ಸಿದ್ಧವಾದವು. ಬಾಯೇನೋ ಅಜ್ಜಿಯದೇ. ಓಡಿಸಿ ನೋಡಿದರೆ ಮಾತ್ರ ಬಾಗಿಲು ತೆಗೆದು ಹಾಕಿದ ಹಾಗಿತ್ತು. ತೆರೆ, ಮುಚ್ಚು, ತೆರೆ, ಮುಚ್ಚು. ಲೋಟಕ್ಕೆ ಹಾರಿದ ಹಲ್ಲಿಗಿದ್ದ ಜೀವ ಈ ಬಾಯಿಗಿರಲಿಲ್ಲ. ಅಜ್ಜಿ ನೋಡಿ, "ಚೆನ್ನಾಗಿದೆ," ಎಂದಳು. ಇನ್ನೊಂದ್ಸಲ ಓಡಿಸು ಎನ್ನಲಿಲ್ಲ.

ಅಷ್ಟಾದರೂ ಗುಬ್ಬಿ ಅವನ್ನೇ ನಂಬಿ ಮುಂದುವರಿದಳು. ಮಾತಾಡುವ ಮುಖ ಹತ್ತಿರದಿಂದ ಕಾಣುವ ಭಾಗವನ್ನು ಕೊನೆಗೆ ಇಟ್ಟುಕೊಂಡಳು.

ಐದನೆಯ ವಾರದ ಮೊದಲ ದಿನ ಅಮ್ಮ ಬೇಗ ಕೆಲಸ ಮುಗಿಸಿ ಬಂದರು. ಬೆಂಚಿನ ಮೇಲೆ ತಟ್ಟೆ ಇಡಲು ಜಾಗ ಮಾಡುತ್ತ, ಅಲ್ಲಿದ್ದ ಬಾಯಿಗಳ ತಗಡಿನ ಡಬ್ಬಿಯನ್ನು ಪಕ್ಕದ ದೊಡ್ಡ ಪಾತ್ರೆಯ ಮುಚ್ಚಳದ ಮೇಲೆ ಇಟ್ಟರು. ಅದು ಹಲ್ಲಿನ ಅಚ್ಚುಗಳನ್ನು ಬೇಯಿಸುವ ಪಾತ್ರೆ. ಕೆಳಗೆ ಸಣ್ಣ ಉರಿ ಇತ್ತು. ಊಟ ಮುಗಿಸಿ ತೆರೆದು ನೋಡುವ ಹೊತ್ತಿಗೆ ಹನ್ನೆರಡು ಬಾಯಿ ಒಂದಾಗಿ ಗುಲಾಬಿ ಬಣ್ಣದ ಕೊಳವಾಗಿತ್ತು.

"ಅಮ್ಮಾ! ಅದೇನು ಇಡೋ ಜಾಗಾನಾ?"

"ಇಟ್ಕೊಳ್ಳೋಕೆ ಜಾಗ ಎಲ್ಲಿ ಬಿಟ್ಟಿದೀಯ ನೀನು? ಮೇಜು ನಿಂದು, ಕಿಟಕಿ ನಿಂದು, ನಾನು ತಲೆ ಮೇಲೆ ಇಟ್ಕೋಬೇಕಿತ್ತಾ?"

"ಒಂಬತ್ತು ದಿನದ ಕೆಲಸ!"

"ನನ್ನದು ಒಂಬತ್ತು ಗಂಟೆ ಕೌಂಟರು, ಆಮೇಲೆ ಒಲೆ, ಆಮೇಲೆ ನಿಮ್ಮ ಪ್ಲಾಸ್ಟರ್ ಪುಡಿ! ಯಾರಾದ್ರೂ ಕೇಳಿದ್ರಾ?" ಅಮ್ಮನ ಕಣ್ಣು ತುಂಬಿತು. ಗುಬ್ಬಿಯದೂ ತುಂಬಿತು. ಅಜ್ಜಿ ಇಬ್ಬರ ತಟ್ಟೆಯನ್ನೂ ಎತ್ತಿಕೊಂಡು ಹೋಗಿ ತೊಳೆಯತೊಡಗಿದಳು. ಅವಳು ತಟ್ಟೆ ತೊಳೆದರೆ ಜಗಳ ನಿಲ್ಲಬೇಕು ಎಂಬುದು ಆ ಮನೆಯ ಕಟ್ಟಳೆ.

ಅಪ್ಪ ಡಬ್ಬಿಯೊಳಗೆ ನೋಡಿದರು. "ಇನ್ನೆಷ್ಟು ಬಾಕಿ?"

"ಆರುನೂರು ಚಿತ್ರ. ಹದಿಮೂರು ದಿನ. ಬಾಯಿ ಮಾಡ್ತಾ ಕೂತ್ರೆ ಮುಗಿಯಲ್ಲ ಅಪ್ಪ."

ಅಲ್ಲಿಗೆ ಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಬೆಂಚು ಅವಳ ಪಾಲಿಗೆ ಬರುತ್ತಿತ್ತು. ಅಪ್ಪನಿಗೆ ಬೇಕಾದದ್ದೂ ಅದೇ. ಅವರು ಡಬ್ಬಿಯ ಮುಚ್ಚಳವನ್ನು ಎರಡು ಸಲ ಹಾಕಿ ತೆಗೆದರು. "ನೀನು ಫೋಟೋ ಭಾಗ ತೆಗಿ. ಬಾಯಿ ನಾನು ನೋಡ್ಕೋತೀನಿ," ಎಂದರು.

ಮರುದಿನದಿಂದ ಮಧ್ಯಾಹ್ನವಾದರೆ ಮುಂಗೋಣೆಯ ಬಾಗಿಲು ಮುಚ್ಚಿತು. ಒಳಗೆ ಅಪ್ಪ, ಎದುರಿಗೆ ಅಜ್ಜಿ. "ಅಲುಗಾಡಬಾರ್ದು ಅನ್ನು." "ಅಲುಗಾಡಬಾರ್ದು." "ಇನ್ನೂ ನಿಧಾನ." "ಇದಕ್ಕಿಂತ ನಿಧಾನ ಅಂದ್ರೆ ನಾನು ನಿದ್ದೆ ಹೋಗ್ತೀನಿ ಕಣೋ." ಹೊರಗೆ ಗುಬ್ಬಿ ರಟ್ಟಿನ ಸ್ಟುಡಿಯೋದಲ್ಲಿ ಏಳು ವರ್ಷದ ಹುಡುಗಿಯನ್ನು ಹತ್ತಿಯ ಹೊಗೆಯಾಗಿ ಕರಗಿಸುತ್ತಿದ್ದಳು. ಒಂದು ಸಲ ಬಾಗಿಲು ತಳ್ಳಿ, "ನುಣುಪು ನಾನು ಮಾಡ್ಲಾ ಅಪ್ಪ?" ಎಂದಳು. ಅಪ್ಪ ಕೈಯನ್ನು ತಟ್ಟನೆ ಬೆಂಚಿನ ಕೆಳಗೆ ಇಳಿಸಿ, "ಬರಬೇಡ ಅಂದಿಲ್ವಾ!" ಎಂದು ಗದರಿದರು.

ಐದನೆಯ ದಿನ ಡಬ್ಬಿ ಕೊಟ್ಟರು. ಗುಬ್ಬಿ ಎಣಿಸಿದಳು: ಅರವತ್ತು. ಮುಚ್ಚಿದ ಬಾಯಿಯೇ ಒಂಬತ್ತು, ಗುಂಡಗಿನದು ಏಳು. ಒಂದರ ಹಾಗೆ ಇನ್ನೊಂದಿಲ್ಲ. ತುಟಿಯ ಗೆರೆ ಒಂದರಲ್ಲಿ ಎಡಕ್ಕೆ ಜಾರಿದೆ, ಇನ್ನೊಂದರಲ್ಲಿ ಚಾಕು ತಪ್ಪಿದ ಗುರುತಿದೆ. ಯಾವುದು ಸರಿ ಎಂಬ ಗುರುತೂ ಇಲ್ಲ. ಕೂದಲೆಳೆಯ ವ್ಯತ್ಯಾಸಕ್ಕೆ ಇಡೀ ಸೆಟ್ಟನ್ನೇ ಕರಗಿಸಿ ಮತ್ತೆ ಮಾಡಿಸುತ್ತಿದ್ದ ಮನುಷ್ಯ ಇವರು. ಗುಬ್ಬಿ ಡಬ್ಬಿಯ ಮುಚ್ಚಳ ಹಾಕಿದಳು.

"ಇದು ನಿಮ್ಮ ಕೆಲಸ ಅಲ್ಲ ಅಪ್ಪ."

"ನಂದೇ."

"ಬೇಕಂತಲೇ ಹೀಗೆ ಮಾಡಿದೀರಿ. ನಾನು ಹೋಗಬಾರ್ದು ಅಂತ."

ಅಮ್ಮ ತಿರುಗಿ ನೋಡಿದರು.  "ಬೇಡ ಅಂದ್ರೆ ಬಿಸಾಕು," ಎಂದು ಅಪ್ಪ ಚಪ್ಪಲಿ ಮೆಟ್ಟಿ ಬೀದಿಗಿಳಿದರು.

ಬಿಸಾಡಲು ದಿನ ಉಳಿದಿರಲಿಲ್ಲ. ಗುಬ್ಬಿ ಸಿಟ್ಟಿನಲ್ಲಿ ಆರಿಸಲೂ ಇಲ್ಲ. ಮುಚ್ಚಿದ ಬಾಯಿ ಬೇಕಾದಾಗ ಒಂಬತ್ತನ್ನೂ ಒಂದಾದ ಮೇಲೊಂದು ಹಾಕಿದಳು, ಗುಂಡಗಿನದು ಬಂದಾಗ ಏಳನ್ನೂ. ಹಾಳಾಗುವುದಾದರೆ ಪೂರ್ತಿ ಹಾಳಾಗಲಿ ಎಂದುಕೊಂಡಳು. ಓಡಿಸಿ ನೋಡಲು ಮನಸ್ಸು ಬರದೆ ಏಳು ದಿನ ತಲೆ ತಗ್ಗಿಸಿ ಚಿತ್ರ ತೆಗೆದಳು. ಆ ಏಳು ದಿನ ಅಪ್ಪ ಮಗಳ ನಡುವೆ ಮಾತಿಲ್ಲ. "ಉಪ್ಪು ಕೊಡು" ಎನ್ನುವುದನ್ನೂ ಅಜ್ಜಿಯ ಮೂಲಕವೇ ಹೇಳುತ್ತಿದ್ದರು. ಅಜ್ಜಿ ಎರಡೂ ಕಡೆಯಿಂದ ಕಮಿಷನ್ ಕೇಳಿದಳು.

ಕೊನೆಯ ದಿನ ಭಾನುವಾರ. ಮಧ್ಯಾಹ್ನದ ಊಟವಾದ ಮೇಲೆ ಗುಬ್ಬಿ ಪರದೆ ಎಳೆದು, ಸಿನಿಮಾವನ್ನು ಟೀವಿಗೆ ಜೋಡಿಸಿದಳು. ಎಲ್ಲರಿಗಿಂತ ಹಿಂದೆ, ಬಾಗಿಲಿಗೆ ಒರಗಿ ಅಪ್ಪ ನಿಂತರು.

ರಟ್ಟಿನ ಅಡುಗೆಮನೆ ಬೆಳಗಿತು. ಗೇಣುದ್ದದ ಮುದುಕಿ ಗುಂಡಿಯ ತಟ್ಟೆಯಿಂದ ಏನನ್ನೋ ಬಾಯಿಗಿಟ್ಟು, ತಲೆಯೆತ್ತಿ, "ನನಗೆ ಏಳು ವರ್ಷ," ಎಂದಳು.

ಅಮ್ಮನ ಕೈ ಎದೆಗೆ ಹೋಯಿತು.

ಆ ತುಟಿ ಮಾತಿಗೆ ಮುಂಚೆ ಒಂದಿಷ್ಟು ಅದುರಿತು, ಮಾತು ಮುಗಿದ ಮೇಲೂ ಒಂದಿಷ್ಟು ಅದುರಿ ನಿಂತಿತು. ಸುಮ್ಮನಿದ್ದಾಗಲೂ ಆ ಬಾಯಿ ಸುಮ್ಮನಿರಲಿಲ್ಲ. ಹೇಳಲೋ ಬೇಡವೋ ಎಂದು ಒಳಗೇ ಅಳೆದು, ನೆನಪನ್ನು ನಾಲಿಗೆಯಲ್ಲಿ ಹೊರಳಿಸಿ, ಆಮೇಲೆ ಹೇಳುತ್ತಿತ್ತು. ಮೇಣ ಎಂಬುದು ಮರೆತೇಹೋಯಿತು. ತಾನೇ ಬಗ್ಗಿಸಿದ ತಂತಿ, ತಾನೇ ಹೊಲಿದ ತೋಳು, ಸಾವಿರದ ನಾನೂರ ನಲವತ್ತು ಸಲ ತಾನೇ ಮುಟ್ಟಿದ ಬೊಂಬೆ. ಆದರೂ ಗುಬ್ಬಿಗೆ ಅದು ಮುಂದೇನು ಹೇಳುವುದೋ ಎಂದು ಉಸಿರು ನಿಂತಿತು. ಫೋಟೋದವನು ಅಲುಗಾಡಬೇಡಿ ಎಂದ. ಎಲ್ಲ ಕಲ್ಲಾದರು. ಪುಟ್ಟ ಹುಡುಗಿ ನಕ್ಕು ಹತ್ತಿಯಾಗಿ, ಹೊಗೆಯಾಗಿ ಹರಡಿದಳು. ಆ ಹೊಗೆಯೊಳಗಿಂದ ಮತ್ತೆ ಮುದುಕಿಯ ಮುಖ ಮೂಡಿ, "ನಿನ್ನ ಮುಂದೆ ಕೂತು ಆಲೂಗಡ್ಡೆ ತಿಂತಾ ಇದೆ," ಎಂದಿತು. ತುಟಿ ನಗಲು ಹೋಗಿ, ತಡೆದು, ನಡುಗಿ, ನಕ್ಕಿತು.

ಯಾರೂ ಮಾತಾಡಲಿಲ್ಲ. ಬೀದಿಯಲ್ಲಿ ಯಾರೋ ಸೈಕಲ್ ಬೆಲ್ ಬಾರಿಸಿಕೊಂಡು ಹೋದರು.

"ಅದು ನಾನೇ," ಎಂದಳು ಅಜ್ಜಿ ಕೊನೆಗೆ. ದನಿ ಸಣ್ಣಗಿತ್ತು. "ನಾನು ಸತ್ತ ಮೇಲೂ ಇದು ಮಾತಾಡ್ತಿರುತ್ತೆ ಅಲ್ವೇನೇ?" ಕನ್ನಡಕ ತೆಗೆದು, "ಆದ್ರೆ ಒಂದು ಮಾತು. ನನ್ನ ತುಟಿ ನಡುಗಲ್ಲ."

"ವಯಸ್ಸಾದೋರಿಗೆ ನಡುಗುತ್ತೆ ಅಜ್ಜಿ, ನಿನಗೆ ಗೊತ್ತಾಗಲ್ಲ."

"ನನ್ನ ತುಟಿ ನನಗೆ ಗೊತ್ತಾಗಲ್ವಾ? ಬಾ, ಮುಟ್ಟಿ ನೋಡು."

ಗುಬ್ಬಿ ಮುಟ್ಟಿದಳು. ವಾರಗಟ್ಟಲೆ ನೋಡಿದ ಬಾಯನ್ನು ಮೊದಲ ಸಲ ಮುಟ್ಟಿದ್ದು. ತುಟಿ ಬೆಚ್ಚಗೆ, ಗಟ್ಟಿಯಾಗಿ, ನಿಶ್ಚಲವಾಗಿತ್ತು.

"ಮತ್ತೆ ಇದು ಯಾರ ನಡುಕ?" ಎಂದಳು ಅಜ್ಜಿ. ಕೇಳಿದ್ದು ಮೊಮ್ಮಗಳನ್ನಲ್ಲ.

ಅಪ್ಪ ಬಾಗಿಲಿನಿಂದ ಬಂದರು. ಮೇಜಿನ ಮೇಲಿದ್ದ ತಗಡಿನ ಡಬ್ಬಿಯ ಪಕ್ಕದಲ್ಲಿ ಬಲಗೈ ಇಟ್ಟರು, ಎಡಗೈಯಿಂದ ಹಿಡಿಯದೆ, ಬಚ್ಚಿಡದೆ. ಬೆರಳುಗಳು ಡಬ್ಬಿಗೆ ತಾಗಿ ಸಣ್ಣಗೆ ಟಿಕಟಿಕ ಸದ್ದು ಮಾಡಿದವು. ಆ ಸದ್ದು ನಿಲ್ಲಲಿಲ್ಲ.

ಮೊದಲು ಬಾಯಿ ಬಿಟ್ಟವರು ಅಮ್ಮ. "ಅದಕ್ಕೇನಾ ಸೂಪು ಬಿಟ್ಟಿದ್ದು?"

"ಚಮಚ ಬಾಯಿಗೆ ಬರೋ ಹೊತ್ತಿಗೆ ಖಾಲಿ ಆಗಿರುತ್ತೆ."

"ನನಗೊಂದು ಮಾತು ಹೇಳಬಾರ್ದಿತ್ತಾ ರೀ? ನನ್ನ ಕೈರುಚಿ ಕೆಟ್ಟಿದೆ ಅಂದ್ಕೊಂಡು ಆರು ತಿಂಗಳಿಂದ ಉಪ್ಪು ಕಮ್ಮಿ ಮಾಡ್ತಾ ಬಂದೆ ನಾನು!"

"ಅದೂ ಗೊತ್ತಾಗ್ತಿತ್ತು," ಎಂದರು ಅಪ್ಪ. ಅಮ್ಮ ಅಳುತ್ತಲೇ ನಕ್ಕರು. "ಡಾಕ್ಟ್ರಿಗೆ ತೋರ್ಸಿದೀನಿ, ಮಾತ್ರೆ ತಗೋತಿದೀನಿ. ಮನುಷ್ಯನ್ನ ಸಾಯಿಸೋ ಕಾಯಿಲೆ ಅಲ್ಲ. ಕೈಕೆಲಸ ಸಾಯುತ್ತೆ, ಅಷ್ಟೇ. ಒಂದು ಬಾಯಿ ಸರಿ ಬರ್ಲಿ ಅಂತ ಒಂಬತ್ತು ಸಲ ಮಾಡ್ದೆ. ಒಂದೂ ಸರಿ ಬರ್ಲಿಲ್ಲ. ಎಲ್ಲಾ ಡಬ್ಬಿಗೆ ಹಾಕ್ದೆ."

ಗುಬ್ಬಿಗೆ ತಾನಾಡಿದ ಮಾತು ಈಗ ನೆನಪಾಗಿ ಮುಖ ಎತ್ತಲಾಗಲಿಲ್ಲ. ಮುಂದಿನ ಹಲ್ಲುಗಳನ್ನು ತನಗೇಕೆ ಬಿಟ್ಟರು, ಬೆಂಚು ನಿನ್ನದೇ ಎಂದು ಏಕೆ ಹಟ ಹಿಡಿದರು ಎಂಬುದೆಲ್ಲ ಒಮ್ಮೆಗೇ ತಿಳಿಯಿತು. "ನಾನು ಇದನ್ನ ಕಳಿಸಲ್ಲ ಅಪ್ಪ. ಬೆಂಚಿಗೆ ಬರ್ತೀನಿ."

"ಬಾಯಿ ಮುಚ್ಚು," ಎಂದರು ಅಪ್ಪ. ಕುರ್ಚಿ ಎಳೆದುಕೊಂಡು ಟೀವಿಯ ಎದುರೇ ಕೂತರು. "ಮೂವತ್ತು ವರ್ಷ ಅಲುಗಾಡದ ಹಲ್ಲು ಮಾಡಿದೀನಿ. ಒಂದಕ್ಕಾದ್ರೂ ಯಾರಾದ್ರೂ ಹೀಗೆ ಮೂಕರಾಗಿ ಕೂತಿದ್ದು ಉಂಟಾ? ಕಳ್ಸು." ಕುರ್ಚಿಯನ್ನು ಇನ್ನಷ್ಟು ಮುಂದಕ್ಕೆ ಸರಿಸಿದರು. "ಅದಕ್ಕೂ ಮುಂಚೆ ಇನ್ನೊಂದ್ಸಲ ಓಡ್ಸು."

ಆವತ್ತು ಅದನ್ನು ಹದಿನಾಲ್ಕು ಸಲ ಓಡಿಸಿದರು. ತುಟಿ ಅದುರಿದಾಗಲೆಲ್ಲ ಅಪ್ಪ ಪರದೆಯನ್ನೊಮ್ಮೆ, ತನ್ನ ಕೈಯನ್ನೊಮ್ಮೆ ನೋಡಿಕೊಳ್ಳುತ್ತಿದ್ದರು, ಬೇರೆ ಯಾರದೋ ಕೈ ನೋಡಿದ ಹಾಗೆ. ಸಂಜೆ ಅಮ್ಮ ಉಪ್ಪು ಸರಿಯಾಗಿ ಹಾಕಿ ಸೂಪು ಮಾಡಿದರು. ಅಪ್ಪ ಎಲ್ಲರ ಮುಂದೆ ಅಂಗಿಯ ಮೇಲೆಲ್ಲ ಚೆಲ್ಲಿಕೊಂಡು ಕುಡಿದರು. "ನನಗೂ ಅರ್ಧ ಹೊರಗೇ ಹೋಗೋದು, ಬಿಡು," ಎಂದಳು ಅಜ್ಜಿ.

ಮೂರು ವಾರದ ನಂತರ ಸ್ಟುಡಿಯೋದಿಂದ ಫೋನು ಬಂತು. ಗುಬ್ಬಿಯನ್ನು ತೆಗೆದುಕೊಂಡಿದ್ದರು, ಮುಂದಿನ ತಿಂಗಳ ಮೊದಲ ದಿನ ಬರಬೇಕು. ಸಿನಿಮಾದ ಕೊನೆಗೆ ಅವಳು "ಬಾಯಿ: ನನ್ನ ಅಪ್ಪ" ಎಂದು ಬರೆದಿದ್ದಳು. ಆ ಕಡೆಯ ಹೆಂಗಸು ಅಪ್ಪನ ಜೊತೆ ಮಾತಾಡಬೇಕೆಂದರು. ತುಟಿಗೆ ಆ ಅದುರು ಹೇಗೆ ತಂದಿರಿ ಎಂದು ಕೇಳಿದರಂತೆ. "ತಂದಿದ್ದಲ್ಲ, ಅದಾಗೇ ಬಂದಿದ್ದು," ಎಂದು ಹೇಳಿ ಅಪ್ಪ ಫೋನು ವಾಪಸು ಕೊಟ್ಟರು.

ದಂತವೈದ್ಯರಿಗೆ, ಇನ್ನು ಮುಂದೆ ಮುಂದಿನ ಹಲ್ಲಿನ ಕೆಲಸ ಬೇರೆಯವರಿಗೆ ಕೊಡಿ, ಅಚ್ಚು ತೆಗೆಯುವುದು ಬೇಯಿಸುವುದು ಇದ್ದರೆ ಮಾತ್ರ ಕಳಿಸಿ ಎಂದು ಅಪ್ಪನೇ ಹೋಗಿ ಹೇಳಿ ಬಂದರು. ಆ ದಿನ ಅವರ ಮುಖ ನೋಡುವ ಹಾಗಿರಲಿಲ್ಲ. ಗುಬ್ಬಿಯ ಪೆಟ್ಟಿಗೆಗೆ ಅಮ್ಮ ಬಟ್ಟೆ ಮಡಿಸಿ ತುಂಬುತ್ತ, ತೆಗೆಯುತ್ತ, ಮತ್ತೆ ತುಂಬುತ್ತ ಮೂರು ದಿನ ಕಳೆದರು. ಮೇಜು ಖಾಲಿಯಾಯಿತು. ಆದರೂ ಅಭ್ಯಾಸಬಲದಿಂದ ಎಲ್ಲರೂ ಬೆಂಚಿನ ಮೇಲೇ ಉಂಡರು.

ಹೊರಡುವ ದಿನ ಬೆಳಿಗ್ಗೆ ಅಜ್ಜಿ ಕಪಾಟಿನ ಮೇಲಿನ ಗಾಜಿನ ಜಾಡಿಯನ್ನು ಎರಡೂ ಕೈಯಲ್ಲಿ ಹಿಡಿದು ಮುಂಗೋಣೆಗೆ ಬಂದಳು. ಅಪ್ಪ ಬೆಂಚಿನ ಮುಂದೆ ಸುಮ್ಮನೆ ಕೂತಿದ್ದರು. ಜಾಡಿಯನ್ನು ಅವರ ಮುಂದಿಟ್ಟು ಗಿರಾಕಿಗಳ ಕುರ್ಚಿಯಲ್ಲಿ ಕೂತಳು.

"ಇದನ್ನ ಏನಾದ್ರೂ ಮಾಡ್ಕೋ. ನನಗೆ ಹೊಸದು ಬೇಕು."

"ಹನ್ನೊಂದು ವರ್ಷ ಆದ್ಮೇಲೆ ಈಗ ನೆನಪಾಯ್ತಾ? ನಾನೀಗ ಮುಂದಿನ ಹಲ್ಲು ಮಾಡಲ್ಲಮ್ಮ. ಬೇರೆ ಒಳ್ಳೆಯವರಿದಾರೆ, ಬರೆದುಕೊಡ್ತೀನಿ."

"ಇದು ಎಲ್ಲಿ ಒತ್ತುತ್ತೆ ಅಂತ ಕೇಳ್ತಿದ್ಯಲ್ಲ. ಎಲ್ಲೂ ಒತ್ತಲ್ಲ. ಹಾಕ್ಕೊಂಡು ಕನ್ನಡಿ ನೋಡಿದ್ರೆ ಯಾರೋ ಬ್ಯಾಂಕಿನ ಮ್ಯಾನೇಜರಮ್ಮ ನಿಂತ ಹಾಗೆ ಕಾಣ್ತಿತ್ತು. ಅಷ್ಟು ನೆಟ್ಟಗೆ ಮಾಡಿದ್ದೆ ನೀನು. ಮೊನ್ನೆ ಮೇಣದಲ್ಲಿ ಮಾಡಿದ್ಯಲ್ಲ, ಅದು ನನ್ನ ಬಾಯಿ. ಆ ಕೈಯಿಂದ ಮಾಡು."

"ವಕ್ರ ಆಗುತ್ತಮ್ಮ."

"ನನ್ನ ಬಾಯಿ ಯಾವತ್ತು ನೆಟ್ಟಗಿತ್ತು?"

ಅಪ್ಪ ಜಾಡಿಯನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ಎದ್ದು ಕೈ ತೊಳೆದುಕೊಂಡು ಬಂದರು, ಅಳತೆ ತೆಗೆಯುವ ಪಾಕ ಕಲಸಿದರು, ಬಾಯೊಳಗೆ ಇಡುವ ಪುಟ್ಟ ತಟ್ಟೆಗೆ ಹಚ್ಚಿದರು. ತಟ್ಟೆ ಅವರ ಕೈಯಲ್ಲಿ ಕುಣಿಯಿತು. ಪೆಟ್ಟಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಗುಬ್ಬಿ, ಅವರ ಮಣಿಕಟ್ಟು ಹಿಡಿಯಲು ಎರಡು ಹೆಜ್ಜೆ ಮುಂದೆ ಬಂದವಳು ಅಲ್ಲೇ ನಿಂತು ಕೈ ಹಿಂದಕ್ಕೆ ತೆಗೆದುಕೊಂಡಳು.

"ಬಾಯಿ ತೆಗಿಯಮ್ಮ," ಎಂದರು ಅಪ್ಪ.